ಚಂಚಿಯ ಮೊದಲ ಎಲೆ

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಎಲೆ, ಅಡಿಕೆ, ಸುಣ್ಣದ ಡಬ್ಬಿ, ತಂಬಾಕು ಎಲ್ಲವನ್ನೂ ಒಂದೇ ಬಟ್ಟೆಚೀಲದಲ್ಲಿ ಇಡುತ್ತಿದ್ದಳು. ಒಂದೊಂದಕ್ಕೆ ಒಂದೊಂದು ಕಿಸೆ, ಸುರುಳಿ ಸುತ್ತಿ ಕಟ್ಟಲು ದಾರ. ಅದು ಅವಳ ಚಂಚಿ. ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಏಕಸಂಬಿಯ ನಮ್ಮ ಓಣಿಯಲ್ಲಿ ಆ ಮಾತನ್ನು ಮುದುಕರಷ್ಟೇ ಆಡುತ್ತಿದ್ದರು. ಆಯಿಯ ಬಾಯಿಂದಲೇ ಮಾತು ಕಲಿತ ನನಗೆ ಅದು ನಮ್ಮ ಮನೆಯ ಆಸ್ತಿ ಎಂಬ ಹಮ್ಮು. ಚಂಚಿ ಬಿಚ್ಚಿ ಅವಳಿಗೆ ಎಲೆ ಮಡಚಿಕೊಡುವ ಹಕ್ಕೂ ನನ್ನದೇ.

ಅಣ್ಣನ ಹೆಂಡತಿಯಾಗಿ ಕೊಲ್ಲಾಪುರದ ಕಡೆಯಿಂದ ವೈನಿ ಬಂದರು. ಬಂದ ವಾರದಲ್ಲೇ, "ಅಯ್ಯ, ಚಂಚಿ! ನಮ್ಮ ಮರಾಠಿದಾಗೂ ಹಿಂಗs ಅಂತಾರ," ಎಂದು ಆಯಿಯ ಮಗ್ಗುಲಿಗೆ ಕೂತುಬಿಟ್ಟರು. ನಾನು ಚಂಚಿಯನ್ನು ನನ್ನ ಕಡೆ ಎಳೆದುಕೊಂಡೆ.

"ಮೈಸೂರ ಕಡೆ ಸಂಚಿ ಅಂತಾರ್ರಿ. ತೆಲಗರಿಗೆ ಯಾವ ಚೀಲಾದ್ರೂ ಸಂಚಿನ," ಎಂದು ನನ್ನ ಜಾಣತನ ತೋರಿಸಿದೆ.

ಆಯಿ ನಕ್ಕಳು. "ಎಲ್ಲಾರೂ ಅಂತಾರಂದ ಮ್ಯಾಲ ನಿಂದ ಯಾಕ ಉರಿಯಾಕತ್ತೈತ್ಲೇ?"

ಅಂದಿನಿಂದ ಎಲೆ ಮಡಚುವ ಕೆಲಸ ಒಮ್ಮೆ ನನಗೆ, ಒಮ್ಮೆ ಅವರಿಗೆ. ಬರಬರುತ್ತ ಅವರಿಗೇ ಹೆಚ್ಚು.

ಅಷ್ಟರಲ್ಲಿ ಚಂಚಿ ಹರಿಯಿತು. ಹೊಸದನ್ನು ನಾನೇ ಹೊಲಿಸಿ ತಂದು ಆಯಿಯನ್ನು ಮರಳಿ ಗೆಲ್ಲಬೇಕೆಂದು ಚಿಕ್ಕೋಡಿಗೆ ಹೋದೆ. ಸಿಂಪಿಗ, "ಚಂಚಿ ಅಂದ್ರ ಏನ್ರೀ? ಮೊಬೈಲ್ ಕವರನ?" ಎಂದ. ಕೊನೆಗೆ ನಿಪ್ಪಾಣಿ ಪೇಟೆಯಿಂದ ಝಿಪ್ಪಿನ ರೆಕ್ಸಿನ್ ಪರ್ಸು ತಂದೆ. ಎರಡೇ ದಿನ. "ಇದರಾಗ ಎಲಿ ಬೆವತು ಕೊಳೀತಾವಲೇ, ಅವಕ್ಕೂ ಉಸಿರ ಬೇಕು," ಎಂದು ಆಯಿ ಅದರಲ್ಲಿ ತನ್ನ ಬಿ.ಪಿ. ಗುಳಿಗೆ ಇಟ್ಟಳು.

ವೈನಿ ತಮ್ಮದೊಂದು ಕುಪ್ಪಸದ ಖಣ ಕತ್ತರಿಸಿ, ಕೈಯಲ್ಲೇ ಚಂಚಿ ಹೊಲಿದರು.

ನಮ್ಮಲ್ಲಿ ಒಂದು ರೂಢಿ: ಹೊಸ ಚಂಚಿಯ ಮೊದಲ ಎಲೆ ಹೊಲಿದವರ ಬಾಯಿಗೆ. ಆಯಿ ತಾನೇ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಚಿ ವೈನಿಯ ಬಾಯಿಗಿಟ್ಟಳು. ಇಷ್ಟು ವರ್ಷ ಅವಳಿಗೆ ಎಲೆ ಮಡಚಿದ್ದೇನೆ. ಅವಳು ಮಡಚಿದ್ದು ನನಗೆಂದೂ ಸಿಕ್ಕಿರಲಿಲ್ಲ.

"ಭಾವೋಜಿ, ಮಾರಿ ಯಾಕ ಸಣ್ಣ ಮಾಡೀರಿ? ಸೂಜಿ ಹಿಡಿಯೂದು ಕಲಿಸ್ಲ್ಯಾ?" ವೈನಿ ಮೈದುನನಾದ ನನ್ನನ್ನು ಕೇಳಿದರು. ತುಟಿ ಆಗಲೇ ಕೆಂಪೇರಿತ್ತು.

"ಬ್ಯಾಡ್ರಿ," ಎಂದು ಎದ್ದು ಹೊರಗೆ ಬಂದೆ. ಕಟ್ಟೆಯ ಮೇಲೆ ಕೂತರೂ ಒಳಗೆ ಅವರಿಬ್ಬರೂ ನಗುವುದು ಕೇಳುತ್ತಲೇ ಇತ್ತು.