ಡಾಕ್ಟರಮ್ಮ ಬರೆದ ನಲವತ್ತು

ಎರಡು ವರ್ಷದ ಮಗನಿಗೆ ಕೆಮ್ಮು. ಥರ್ಮಾಮೀಟರಿಗಾಗಿ ಡಬ್ಬ ತಡಕಾಡುತ್ತಿದ್ದಾಗ ಹಳೆಯ ಔಷಧಿ ಚೀಟಿಯೊಂದು ಸಿಕ್ಕಿತು. ಔಷಧಿಯ ಹೆಸರೇ ಇಲ್ಲ; ನಡುವೆ ದಪ್ಪಗೆ ‘40’, ಅದರ ಸುತ್ತ ಒಂದು ಗೆರೆ.

“ಯಾರ್ ಮಾರ್ಕ್ಸಪ್ಪಾ ಇದು? ನಿಂದಾ?” ಎಂದಳು ಒಂಬತ್ತು ವರ್ಷದ ಮಗಳು.

ಅವಳದೇ. ಅವಳಿಗೂ ಆಗ ಎರಡು ವರ್ಷ, ಶೀತ, ಕೆಮ್ಮು. ದೊಡ್ಡಬಳ್ಳಾಪುರದ ನಮ್ಮ ಮಕ್ಕಳ ಡಾಕ್ಟರಮ್ಮ ಎದೆ ಪರೀಕ್ಷಿಸಿ, “ಈಗ್ಲೇ ಆಂಟಿಬಯಾಟಿಕ್ ಬೇಡ. ಮಗು ಮಲಗಿದ್ದಾಗ ಅಂಗಿ ಎತ್ತಿ ಒಂದ್ನಿಮಿಷ ಉಸಿರು ಎಣ್ಸಿ. ನಲವತ್ತು ಮುಟ್ಟಿದ್ರೆ ಕಾಯ್ಬೇಡಿ, ಬಂದ್ಬಿಡಿ” ಎಂದು ಆ ಅಂಕಿ ಬರೆದುಕೊಟ್ಟಿದ್ದರು.

“ಅಷ್ಟು ಓದ್ದೋನು, ಬರೀ ಅಂಕಿ ಬರೆಸ್ಕೊಂಡ್ ಬಂದಿದ್ದೀಯಲ್ಲೋ!” ಎಂದು ಅಮ್ಮ ಹಂಗಿಸಿದ್ದಳು.

ಮುಂದಿನದನ್ನು ಗೆಳೆಯರಿಗೆ ಎಷ್ಟೋ ಸಲ ಹೇಳಿದ್ದೇನೆ. ಮಾರನೆಯ ಮಧ್ಯಾಹ್ನ ನಾನು ಎಣಿಸಿದೆ, ನಲವತ್ತಾರು ಬಂತು, ಮಗುವನ್ನು ಎತ್ತಿಕೊಂಡು ಓಡಿದೆ. ನ್ಯುಮೋನಿಯಾ. “ಸರಿಯಾದ ಹೊತ್ತಿಗೆ ಬಂದ್ರಿ” ಎಂದರು ಡಾಕ್ಟರಮ್ಮ.

ಈಗ ಚೀಟಿ ನೋಡಿ ಅಮ್ಮ ನಕ್ಕಳು. “ನೀನೆಲ್ಲೋ ಎಣ್ಸಿದ್ದು? ಎಣಿಸ್ತೀನಿ ಅಂತ ನಾಲ್ಕೂ ಮಗ್ಗ ನಿಲ್ಸಿದೆ. ಮಗು ಬೆಚ್ಚಿಬಿದ್ದು ಕಿರಿಚ್ಕೊಳ್ತು.”

ಹೌದಲ್ಲ! ಕರೆಂಟ್ ಮಗ್ಗ ಓಡುವ ನಮ್ಮಂಥ ಮನೆಯ ಮಕ್ಕಳು ಆ ಗದ್ದಲದಲ್ಲೇ ನಿದ್ದೆ ಮಾಡುತ್ತವೆ. ಸದ್ದು ನಿಂತರೆ ಏಳುತ್ತವೆ. ಅಲ್ಲೇ ಹುಟ್ಟಿ ಬೆಳೆದ ನನಗೇ ಇದು ಹೊಳೆದಿರಲಿಲ್ಲ. ಎದುರುಮನೆಯಾಕೆ, “ಕರೆಂಟ್ ಹೋಯ್ತಾ? ನಮ್ಮನೇಲಿ ಐತಲ್ಲಾ!” ಎಂದು ಕೂಗಿದ್ದೂ ನೆನಪಾಯಿತು. ಅಥವಾ ಅಮ್ಮ ಹೇಳಿದ್ದರಿಂದ ನೆನಪಾದಂತೆ ಅನ್ನಿಸಿತೋ ಏನೋ. ಮತ್ತೆ ಮಗ್ಗ ಓಡಿಸಿ, ಮಗುವನ್ನು ಮಲಗಿಸಿ, ಹೊಟ್ಟೆಯ ಮೇಲೆ ಅಂಗೈಯಿಟ್ಟು ಎಣಿಸಿದವಳು ಅಮ್ಮನಂತೆ. ನಾನು ವಾಚು ಹಿಡಿದಿದ್ದೆನಂತೆ, ಅಷ್ಟೇ.

ಒಳಗೆ ಹೋಗಿ ಆ ವರ್ಷದ ದಿನಚರಿ ತೆಗೆದೆ. ‘ನಾನು ಎಣಿಸಿದೆ’ ಎಂದೇ ಬರೆದಿದೆ, ನನ್ನದೇ ಅಕ್ಷರದಲ್ಲಿ. ನೀವೇ ಹೇಳಿ, ದಿನಚರಿಯನ್ನು ನಂಬುವುದೋ ಅಮ್ಮನನ್ನೋ?

“ಅಮ್ಮಾ, ನಂಗೂ ಹೇಳ್ಕೊಡು” ಎಂದೆ.

ಮಗ ಮಲಗಿದ್ದ. ಪಕ್ಕದ ಕೋಣೆಯಲ್ಲಿ ಮಗ್ಗಗಳು ಓಡುತ್ತಿದ್ದವು. ಅಮ್ಮ ನನ್ನ ಕೈಯನ್ನು ಅವನ ಹೊಟ್ಟೆಯ ಮೇಲಿಟ್ಟಳು. “ಮಗ್ಗದ ಅದುರು ಬೇರೆ, ಉಸಿರಿನ ಏರಿಳಿತ ಬೇರೆ ಕಣೋ. ಮೊದ್ಲು ನೀನು ನೆಟ್ಟಗೆ ಉಸಿರಾಡು.”

ವಾಚು ಅವಳ ಕೈಯಲ್ಲಿತ್ತು. ಮೂವತ್ತೊಂದು. ಈ ಸಲ ಎಣಿಸಿದವನು ನಾನೇ. ಅನುಮಾನವಿದ್ದರೆ ಅಮ್ಮನನ್ನು ಕೇಳಿ.