ಅಜ್ಜಿಯ ಸಾಲು

ಇವತ್ತು ಬೆಳಿಗ್ಗೆ ಲಂಡನ್ನಿನಲ್ಲಿ ಕ್ಯಾನರಿ ವಾರ್ಫ್‌ಗೆ ಹೋಗುವ ಟ್ಯೂಬ್ ರೈಲಿನಲ್ಲಿ ಪಕ್ಕದ ಹೆಂಗಸೊಬ್ಬರು ಇಂಗ್ಲಿಷ್ ಪದಬಂಧ ತುಂಬುತ್ತಿದ್ದರು. ಒಂದು ಸುಳಿವಿನ ಹತ್ತಿರ ಪೆನ್ನು ನಿಂತುಬಿಟ್ಟಿತು. ತ್ಯಜಿಸು ಎಂಬರ್ಥದ ಪದ, ಆರು ಅಕ್ಷರ.

ನಮ್ಮ ಧಾರವಾಡದ ಮನೆಯಲ್ಲಿ ಅಜ್ಜ ಪತ್ರಿಕೆಯನ್ನು ನಾಲ್ಕಾಗಿ ಮಡಚಿ ಸುಳಿವು ಓದುತ್ತಿದ್ದ. ಅಜ್ಜಿ ಹೂಬತ್ತಿ ಮಾಡುತ್ತ ಉತ್ತರ ಹೇಳುತ್ತಿದ್ದಳು. ಬರೆಯುವುದಷ್ಟೇ ಅಜ್ಜನ ಕೆಲಸ.

ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಅಲ್ಲಿ ಗಂಗೆಗೆ ಬಿಟ್ಟು ಬರಬೇಕು. ಅಜ್ಜ ತಾನೆಂದೂ ತಿನ್ನದ ಹಾಗಲಕಾಯಿ ಬಿಟ್ಟು ಬಂದ. ಅಜ್ಜಿ ಪದಬಂಧ ಬಿಟ್ಟು ಬಂದಳು.

"ನನ್ನ ಒಂದ್ ಮಾತ್ ಕೇಳಬಾರದಾಗಿತ್ತೇನು?" ಎಂದ ಅಜ್ಜ.

"ನಿಮ್ಹಂಗ ಗಂಗವ್ವಗ ಹಾಗಲಕಾಯಿ ಕೊಟ್ಟು ಬರಬೇಕಿತ್ತೇನ್ರಿ? ನನಗ ಇಷ್ಟ ಇದ್ದದ್ದು ಅದೊಂದ."

ಮರುದಿನದಿಂದ ಅಜ್ಜ ಬೀದಿಗೆ ಕೇಳುವಷ್ಟು ಜೋರಾಗಿ ಸುಳಿವು ಓದತೊಡಗಿದ. ಅಜ್ಜಿಯ ತುಟಿ ಅಲುಗುತ್ತಿತ್ತು, ಮಾತು ಹೊರಡುತ್ತಿರಲಿಲ್ಲ.

"ಬರೇ ತಲಿ ಅಲ್ಲಾಡಸು, ಸಾಕು" ಎಂದು ಗೋಗರೆದರೆ ಹತ್ತಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಬರಬರುತ್ತ ಅಜ್ಜ ಒಬ್ಬನೇ ಬಿಡಿಸುವುದನ್ನು ಕಲಿತ. ಆದರೆ ದಿನವೂ ಒಂದು ಸಾಲು ಖಾಲಿ ಇರುತ್ತಿತ್ತು.

"ಇದು ಗೊತ್ತಿಲ್ಲೇನಜ್ಜಾ?" ಎಂದು ಒಮ್ಮೆ ಕೇಳಿದೆ.

"ಗೊತ್ತದ. ಅದು ನಿಮ್ಮಜ್ಜಿದು."

ಆ ಪತ್ರಿಕೆಯನ್ನು ಡಬ್ಬಿಯ ತಳಕ್ಕೆ ಹಾಸುವ ಮುನ್ನ ಅಜ್ಜಿ ಸ್ವಲ್ಪ ಹೊತ್ತು ಆ ಖಾಲಿ ಸಾಲನ್ನೇ ನೋಡುತ್ತಿದ್ದಳು.

ಲಂಡನ್ ಬ್ರಿಜ್ ನಿಲ್ದಾಣದಲ್ಲಿ ಆ ಹೆಂಗಸು ಪತ್ರಿಕೆಯನ್ನು ಸೀಟಿನ ಮೇಲೆ ಬಿಟ್ಟು ಇಳಿದರು. ಆ ಸಾಲು ಹಾಗೇ ಖಾಲಿ ಇತ್ತು. ಉತ್ತರ ನನಗೆ ಗೊತ್ತಿತ್ತು, ಜೇಬಿನಲ್ಲಿ ಪೆನ್ನೂ ಇತ್ತು. ಪತ್ರಿಕೆಯನ್ನು ನಾಲ್ಕಾಗಿ ಮಡಚಿ ತೊಡೆಯ ಮೇಲಿಟ್ಟುಕೊಂಡು ಕುಳಿತೆ.