ನಾಲ್ಕು ತಾಸಿನ ಕರೆಂಟು

ಕದ್ರಾದಲ್ಲಿ ಕರೆಂಟು ಮಾಡುವ ಮನುಷ್ಯ ಹಟ್ಟಿಕೇರಿಯ ತನ್ನ ಮನೆಯಲ್ಲಿ ಚಿಮಣಿಯ ಗಾಜು ಒರೆಸುತ್ತ ಕೂತಿದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ! ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಅದು ಹರಿಶ್ಚಂದ್ರಣ್ಣನ ಮನೆ ನೋಡಿಯೇ ಹುಟ್ಟಿದ ಮಾತಿರಬೇಕು. ನಾನು ಹುಲಿಯಾ, ಅಂಕೋಲೆ ಕಡೆಯ ಒಂದು ಸಬ್‌ಸ್ಟೇಶನ್ನಿನಲ್ಲಿ ಆಪರೇಟರ್. ಅವನ ಮನೆಗೆ ಹೋಗುವ ಲೈನಿನ ಸ್ವಿಚ್ಚು ನನ್ನ ಕೈಯಲ್ಲೇ ಇರುವುದು. ಅದಕ್ಕೇ ಅವನ ಕತೆಯನ್ನು ನಾನೇ ಹೇಳಬೇಕು. ಬೇರೆಯವರು ಹೇಳಿದರೆ ನನ್ನನ್ನು ಒಳ್ಳೆಯವನನ್ನಾಗಿ ಮಾಡಿಬಿಡುತ್ತಾರೆ, ಅದು ನನಗೆ ಬೇಡ.

ಹರಿಶ್ಚಂದ್ರಣ್ಣ ಅಣೆಕಟ್ಟು ಕಟ್ಟುವಾಗ ಕಲ್ಲು ಹೊರುವ ಕೂಲಿಯಾಗಿ ಕದ್ರಾಕ್ಕೆ ಹೋದವನು. ಕಲ್ಲು ಬಿಟ್ಟು ಕೇಬಲ್ ಎಳೆದ, ಕೇಬಲ್ ಬಿಟ್ಟು ಪವರ್‌ಹೌಸಿನ ಪ್ಯಾನೆಲ್ ಬೋರ್ಡಿನ ಮುಂದೆ ಕೂತ. ನಾನು ಎರಡು ವರ್ಷ ಅವನ ಕೈಕೆಳಗೆ ಕೆಲಸ ಕಲಿತೆ. ತಂತಿಯ ಹತ್ತಿರ ಮನುಷ್ಯ ಇದ್ದಾನೆ ಅಂತ ಸುದ್ದಿ ಬಂದರೆ ಏನು ಮಾಡಬೇಕು ಎಂಬುದಕ್ಕೆ ಅವನದು ಒಂದೇ ಪಾಠ: "ಮೊದ್ಲು ತೆಗಿ, ಆಮೇಲೆ ಕೇಳು." ಒಂದು ಸಲ ನಾನು "ತೆಗೀಲೋ ಬೇಡ್ವೋ" ಅಂತ ಅವನ ಮುಖ ನೋಡುತ್ತ ನಿಂತೆ. ಸ್ವಿಚ್ಚನ್ನು ತಾನೇ ತೆಗೆದು ಕರೆಂಟು ನಿಲ್ಲಿಸಿ, ತಿರುಗಿ ನನ್ನ ಕೆನ್ನೆಗೆ ಒಂದು ಬಿಟ್ಟ. ಆ ಮೇಲೆ ಚಹಾ ಕುಡಿಸಿದ, ಅದು ಬೇರೆ ಮಾತು.

ಅವನ ಹೆಂಡತಿ ಗೋದಾವರಿ ಅತ್ತಿಗೆ ಸದಾಶಿವಗಡದ ಹುಡುಗಿ. ಏನು ದನಿ ಅದು! ಸೇತುವೆ ಆಗುವ ಮೊದಲು ಕಾಳಿ ಹೊಳೆಯ ಆಚೆ ದಡದ ದೋಣಿಯವನನ್ನು ಒಂದೇ ಕೂಗಿಗೆ ಈಚೆ ಕರೆಸುತ್ತಿದ್ದಳಂತೆ. ನಾನು ಹಟ್ಟಿಕೇರಿಯ ಬಸ್ಸಿಳಿದರೆ ಸಾಕು, ಗದ್ದೆಯಾಚೆಯಿಂದ ಕೇಳುತ್ತಿತ್ತು: "ಹುಲಿಯಾ, ಉಂಡ್ಕಂಡೇ ಹೋಗೂದು! ಬಂಗಡೆ ಸಾರು ಮಾಡಿದ್ದೆ, ಇಲ್ಲಾಂದ್ರೆ ಬೆಕ್ಕಿಗೆ ಹಾಕ್ತೆ ನೋಡು!" ಇಷ್ಟು ಮಾತಿನ ಹೆಂಗಸು ಗಂಡನ ಹೆಸರನ್ನು ಮಾತ್ರ ಒಂದು ದಿನವೂ ಹೇಳಿದವಳಲ್ಲ. ಹೆಸರು ಹಿಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಅಂತ ಅವಳ ತಾಯಿ ಹೇಳಿಕೊಟ್ಟಿದ್ದಳು. ಕಚೇರಿಯಲ್ಲಿ ಯಾರಾದರೂ ಕೇಳಿದರೆ "ಸುಡುಗಾಡು ಕಾದ ರಾಜ ಇದ್ದನಲ್ಲ, ಅಂವಂದೇ ಹೆಸರು, ನೀವೇ ಬರ್ಕಳ್ಳಿ" ಅಂತ ನಗುತ್ತಿದ್ದಳು. ಮಕ್ಕಳಾಗಲಿಲ್ಲ. ಆ ಮನೆ ತುಂಬಿದ್ದು ಅವಳ ಬಾಯಿಂದಲೇ.

2002ರ ಮಳೆಗಾಲದಲ್ಲಿ ಆ ದನಿ ಒಡೆಯಿತು. ಶೀತ ಇರಬೇಕು ಅಂತ ಕಷಾಯ ಕುಡಿದದ್ದೇ ಬಂತು, ದೊಡ್ಡಾಸ್ಪತ್ರೆ ಮುಟ್ಟುವಷ್ಟರಲ್ಲಿ ಗಂಟಲಲ್ಲಿ ಗಡ್ಡೆ ಬೇರೂರಿತ್ತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದರು ಡಾಕ್ಟರು. ಆಪರೇಶನ್ನಿಗೆ ಮೊದಲು ಹನ್ನೆರಡು ದಿನ ಸಿಕ್ಕಿತು. ಹರಿಶ್ಚಂದ್ರಣ್ಣ ವರ್ಗವಾಗಿ ಹೊರಟಿದ್ದ ಒಬ್ಬ ಇಂಜಿನಿಯರರ ಹಳೇ ಕಂಪ್ಯೂಟರು ಹೊತ್ತು ತಂದ, ಒಂದು ಮೈಕು ಸಿಕ್ಕಿಸಿದ, ಅತ್ತಿಗೆಯನ್ನು ಎದುರು ಕೂರಿಸಿ "ಮಾತಾಡು" ಅಂದ. ಅವಳು ಮಾತಾಡಿದಳು. ಕೋಳಿ ಕರೆದಳು, ಮೀನು ಸಾರಿನ ಮಸಾಲೆ ಹೇಳಿದಳು, ನೆರೆಮನೆಯವಳನ್ನು ಬೈದಳು, ತವರಿನ ಕೊಂಕಣಿಯಲ್ಲಿ ಏನೇನೋ ಹೇಳಿ ಅತ್ತಳು. ಒಡಕು ದನಿಯೇ, ಆದರೂ ಅವಳದೇ. ಕೊನೆಯ ದಿನದ ಅರ್ಧ ತಾಸಿನ ರೆಕಾರ್ಡಿಂಗಿನ ನಡುವೆ, ಯಾರೂ ಕೇಳದೆ ಯಾರೂ ಹೇಳದೆ, ಒಮ್ಮೆ "ಹರಿಶ್ಚಂದ್ರಾ" ಅಂದುಬಿಟ್ಟಳು. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಅದೊಂದೇ ಸಲ.

ಆಮೇಲೆ ಅತ್ತಿಗೆಯ ಕುತ್ತಿಗೆಗೆ ಒಂದು ತೂತು, ಅದರ ಮೇಲೊಂದು ಬಿಳಿ ಬಟ್ಟೆ, ಕೈಯಲ್ಲಿ ಶಾಲೆ ಮಕ್ಕಳ ಪಾಟಿ. ಬೇಕಾದ್ದನ್ನು ಬರೆದು ತೋರಿಸುವುದು, ಸೆರಗಿನಿಂದ ಒರೆಸುವುದು. ಅಣ್ಣ ಪಾಳಿ ಮುಗಿಸಿ ಬಂದವನೇ ಕಂಪ್ಯೂಟರು ಹಾಕಿ ಆ ಅರ್ಧ ತಾಸು ಕೇಳುತ್ತಿದ್ದ. ಅತ್ತಿಗೆ ಮಗ್ಗುಲಲ್ಲೇ ಕೂತಿರುತ್ತಿದ್ದಳು.

ಒಂದೂವರೆ ವರ್ಷದಲ್ಲಿ ಆ ಕಂಪ್ಯೂಟರು ಮುಗ್ಗರಿಸತೊಡಗಿತು. ಹೊಸ ಫೈಲು, ಹಳೇ ಫೈಲು, ಅಳಿಸಿದ್ದು, ಮತ್ತೆ ತುಂಬಿದ್ದು, ಎಲ್ಲ ಕಲಸಿ ಡಿಸ್ಕಿನಲ್ಲಿ ಜಾಗವೇ ಇರಲಿಲ್ಲ. "ಹರಿ" ಅಂತ ಬಂದು ದನಿ ನಿಲ್ಲುವುದು, ಡಿಸ್ಕು ಒಳಗೇ ಕರಕರ ತಿರುಗುವುದು, ಎಷ್ಟೋ ಹೊತ್ತಿಗೆ "ಶ್ಚಂದ್ರಾ" ಬರುವುದು. ಅಣ್ಣ ತಡಮಾಡಲಿಲ್ಲ. ಕಾರವಾರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದ ಸಂದೀಪನ ಹತ್ತಿರ ಹೋದ. ನಾನೂ ಜೊತೆಗಿದ್ದೆ.

"ಅರೆ ಬಾಬಾ, ಹೆದರೂದೇನಿಲ್ಲ," ಅಂದ ಸಂದೀಪ. "ಡಿಸ್ಕು ಫೈಲನ್ನ ತುಂಡು ಮಾಡಿ, ಖಾಲಿ ಸಿಕ್ಕಲ್ಲೆಲ್ಲ ತುರುಕ್ತದೆ. ಡಿಫ್ರಾಗ್ ಅಂತ ಮಾಡಿದ್ರೆ ತುಂಡೆಲ್ಲ ಒಂದೇ ಸಾಲಿಗೆ ಬರ್ತದೆ. ಯಾವ ಸಾಫ್ಟ್‌ವೇರಲ್ಲಿ ಮಾಡ್ತ್ರಿ ಅನ್ನೂದೇ ಪ್ರಶ್ನೆ."

ಆ ಪ್ರಶ್ನೆಗೆ ಅಣ್ಣ ಒಂದು ತಿಂಗಳು ತಲೆ ಕೊಟ್ಟ. ವಿಂಡೋಸಿನ ಜೊತೆಗೇ ಬಂದದ್ದು ಒಂದಿತ್ತು. ಅದು ಒಂದೊಂದೇ ತುಂಡು ಎತ್ತಿ, ಇಟ್ಟು, ಬರೆದುಕೊಂಡು ಮುಂದೆ ಹೋಗುವಂಥದು, ನಡುವೆ ಕರೆಂಟು ಹೋದರೂ ಫೈಲು ಕೆಡುವುದಿಲ್ಲ. ಆದರೆ ಹದಿನಾಲ್ಕು ತಾಸು ಬೇಕು, ಕರೆಂಟು ಹೋದರೆ ಮತ್ತೆ ಮೊದಲಿಂದ. ಅಣ್ಣ ಐದು ಸಲ ಹಚ್ಚಿದ, ಐದು ಸಲವೂ ಕರೆಂಟು ಹೋಯಿತು. ಪತ್ರಿಕೆಯೊಂದರ ಸೀಡಿಯಲ್ಲಿ ಬಂದ ಎರಡನೆಯದು ಡಿಸ್ಕಿನ ಚಿತ್ರ ಮಾತ್ರ ತೋರಿಸಿತು. ಕೆಂಪು ಚೌಕ, ನೀಲಿ ಚೌಕ, ಮುಂದಿನ ಕೆಲಸಕ್ಕೆ ದುಡ್ಡು ಕಟ್ಟಿ ಅಮೆರಿಕದಿಂದ ಪೂರ್ತಿ ಸಾಫ್ಟ್‌ವೇರು ತರಿಸಿಕೊಳ್ಳಿ ಅಂದಿತು. ಅತ್ತಿಗೆ ಆ ಕೆಂಪು ಚೌಕಗಳನ್ನೇ ನೋಡುತ್ತ ಕೂತಿದ್ದಳು. ಮೂರನೆಯದು ಸಂದೀಪನ ಸೀಡಿಯದು. ನಾಲ್ಕೇ ತಾಸಿನಲ್ಲಿ ಕೆಲಸ ಮುಗಿಸುವಂಥದು. ಆದರೆ ಯಾವ ತುಂಡು ಎಲ್ಲಿದೆ ಎಂಬ ಪಟ್ಟಿಯನ್ನು ಅದು ಡಿಸ್ಕಿನಲ್ಲಿ ಬರೆಯುವುದು ಕಟ್ಟಕಡೆಗೆ.

"ನಡು ಕರೆಂಟು ಹೋದ್ರೆ ದೇವರೇ ಗತಿ," ಅಂದ ಸಂದೀಪ. "ಹಂಗಾಗಿ ಒಂದೋ ಯೂಪಿಎಸ್ ತಕ್ಕಳಿ, ಇಲ್ಲಾ ಕಂಪ್ಯೂಟರ್ ಡಬ್ಬನೇ ಇಲ್ಲಿಗೆ ತನ್ನಿ. ಮೊದ್ಲು ಎಲ್ಲಾ ಸೀಡಿಗೆ ತುಂಬಿ ಕೊಡ್ತೆ."

ಬಂಗಾರದಂಥ ಮಾತು. ಕೇಳಿದವರು ಯಾರು? ಅತ್ತಿಗೆ ಪಾಟಿಯ ಮೇಲೆ ಬರೆದಳು: "ಅಂಗಡಿಗೆ ಬೇಡ. ಅವರು ಕೇಳುತ್ತಾರೆ." ಗಂಡನ ಹೆಸರು ಹಿಡಿದದ್ದನ್ನು ಕಾರವಾರದ ಹುಡುಗರು ಕೇಳಿ ನಕ್ಕರೆ? ಅವಳ ನಾಚಿಕೆ ನನಗೆ ಅರ್ಥವಾಗುತ್ತದೆ. ಯೂಪಿಎಸ್ ಬೇಡ ಅಂದದ್ದು ಮಾತ್ರ ಅಣ್ಣನ ಸೊಕ್ಕು. "ನಾ ಕರೆಂಟು ಮಾಡೂ ಮನಷ್ಯ, ನಂಗೇ ಕರೆಂಟಿನ ಡಬ್ಬಿ ಮಾರ್ತ್ಯನೋ?" ಅಂತ ಸಂದೀಪನಿಗೆ ಹೇಳಿ, ನನ್ನ ಹೆಗಲ ಮೇಲೆ ಕೈ ಹಾಕಿದ. "ಹದ್ನಾಲ್ಕು ತಾಸು ಹಟ್ಟಿಕೇರೀಲಿ ಬ್ರಹ್ಮ ಬಂದ್ರೂ ಕರೆಂಟು ಇರೂದಿಲ್ಲ. ನಾಲ್ಕು ತಾಸು ಹೋಗ್ದೇ ಇದ್ದ ಹಾಂಗೆ ಹುಲಿಯಾ ನೋಡ್ಕಂತಾ. ಹೌದನಾ?"

ನಾನು ಎದೆಯುಬ್ಬಿಸಿ ಹೌದು ಅಂದೆ. ದಿನ ಗೊತ್ತಾಯಿತು. 2004ರ ಫೆಬ್ರವರಿ, ಗಾಳಿಮಳೆ ಇಲ್ಲದ ಕಾಲ, ಭಾನುವಾರ, ನನ್ನದೇ ಪಾಳಿ, ಬೆಳಿಗ್ಗೆ ಒಂಬತ್ತೂವರೆಯಿಂದ. ಆ ಲೈನಿನ ಮೇಲೆ ಯಾರನ್ನೂ ಕೆಲಸಕ್ಕೆ ಬಿಡುವುದಿಲ್ಲ, ಏನೇ ಆದರೂ ನಿನಗೆ ಫೋನು ಮಾಡದೆ ಸ್ವಿಚ್ಚು ಮುಟ್ಟುವುದಿಲ್ಲ ಅಂತ ಅಣ್ಣನಿಗೆ ಮಾತು ಕೊಟ್ಟೆ. ಕೆನ್ನೆಗೆ ಹೊಡೆಸಿಕೊಂಡು ಕಲಿತ ಪಾಠ ನನಗೂ ನೆನಪಾಗಲಿಲ್ಲ, ಹೊಡೆದವನಿಗೂ ನೆನಪಾಗಲಿಲ್ಲ. ಆಸೆ ಅನ್ನುವುದು ಎಂಥ ಬುದ್ಧಿಗೇಡಿ ಮಾರಾಯರೇ!

ಹನ್ನೆರಡೂವರೆಗೆ ಅವನಿಗೆ ಫೋನು ಮಾಡಿದ್ದೆ. "ಎಪ್ಪತ್ತಾರು ಪರ್ಸೆಂಟ್ ಆಯ್ತು, ನಿನ್ನ ಅತ್ಗೆ ಊಟಕ್ಕೂ ಏಳೂದಿಲ್ಲ ಅಂತ ಬರ್ದು ತೋರಿಸ್ತದೆ" ಅಂತ ನಕ್ಕಿದ್ದ. ಒಂದಕ್ಕೆ ಹತ್ತು ನಿಮಿಷ ಇರುವಾಗ ನನ್ನ ಟೇಬಲ್ಲಿನ ಫೋನು ಹೊಡೆದುಕೊಂಡಿತು. ಹೆದ್ದಾರಿಯ ಬದಿಯ ಅಂಗಡಿಯವನೊಬ್ಬ ಕಿರುಚುತ್ತಿದ್ದ: "ತಂತಿ ಹರ್ದು ಶೇಂಗಾ ಗದ್ದೇಲಿ ಬಿದ್ದದ್ರೋ! ಹೆಂಗಸ್ರು ಕಳೆ ತೆಗೀತಿದ್ರು ಅಲ್ಲಿ!" ಅದು ಹಟ್ಟಿಕೇರಿಯ ಲೈನೇ, ಅಣ್ಣನ ಮನೆ ದಾಟಿದ ಮೇಲಿನ ಭಾಗ. ಒಣ ಮರಳು ಗದ್ದೆಯಲ್ಲಿ ತಂತಿ ಬಿದ್ದರೆ ಕೆಲವು ಸಲ ಸ್ವಿಚ್ಚು ತಾನಾಗಿ ಆಫ್ ಆಗುವುದಿಲ್ಲ, ತಂತಿ ಜೀವಂತವಾಗಿ ಬಿದ್ದಿರುತ್ತದೆ. ನನ್ನ ಬೋರ್ಡಿನಲ್ಲಿ, ಲೈನಿಗೆ ಕರೆಂಟು ಹೋಗುತ್ತಿದೆ ಅನ್ನುವ ಕೆಂಪು ದೀಪ ಹಾಗೇ ಉರಿಯುತ್ತಿತ್ತು.

ತೆಗೆಯಬೇಕಿತ್ತು. ಬಲಗೈ ಸ್ವಿಚ್ಚಿನ ಮೇಲೇ ಇತ್ತು. ಎಡಗೈ ಅಣ್ಣನ ನಂಬರು ಒತ್ತಿತು.

"ಅಣ್ಣಾ, ತಂತಿ ಬಿದ್ದದೆ, ಗದ್ದೇಲಿ ಹೆಂಗಸ್ರು ಅದಾರೆ. ನಿಂದು ಎಷ್ಟಾಯ್ತು?"

"ಎಂಬತ್ತೆರಡು."

"ಈಗ ನಿಲ್ಸೂಕೆ ಆಗ್ತದೋ?"

"ನಿಲ್ಸು ಅಂದ್ರೂ ಐದಾರು ನಿಮಿಷ ತಕ್ಕಂತದೆ." ಅವನ ಉಸಿರು ಕೇಳಿಸಿತು. ಹಿಂದೆ ಡಿಸ್ಕು ತಿರುಗುವ ಸದ್ದೂ ಕೇಳಿಸಿತು. ಮರುಕ್ಷಣ ಗುಡುಗಿದ: "ನಂಗೆಂತ ಕೇಳ್ತ್ಯೋ ಬೇವರ್ಸಿ! ತೆಗಿ! ಮೊದ್ಲು ತೆಗಿ!"

ತೆಗೆದೆ. ಫೋನಿನಲ್ಲಿ ಡಿಸ್ಕಿನ ಸದ್ದು ಸಣ್ಣಗಾಗುತ್ತ ಹೋಗಿ ನಿಂತಿತು. ಇಬ್ಬರೂ ಫೋನು ಇಡಲಿಲ್ಲ.

ಇಪ್ಪತ್ತು ನಿಮಿಷದ ಮೇಲೆ ಲೈನ್‌ಮನ್ ಜಟ್ಟ ಗದ್ದೆಯಿಂದ ಬಂದು ಫೋನು ಮಾಡಿದ. "ಎಲ್ಲಾ ಸಮಾ ಅದೆ ಸಾಯ್ಬ್ರೆ. ಗದ್ದೇಲಿ ಯಾರೂ ಇರ್ಲಿಲ್ಲ. ಹೆಂಗಸ್ರು ತಂತಿ ಬೀಳೂಕೂ ಮೊದ್ಲೇ ಊಟಕ್ಕೆ ಎದ್ದು ಹೋಗಿದ್ರು. ಒಂದು ನಾಯಿ ಸೈತ ಇಲ್ಲ." ಖುಷಿಯಿಂದ ಹೇಳಿದ ಪಾಪ. ಯಾರೂ ಇರಲಿಲ್ಲ ಅಂತ ಕೈ ಮುಗಿಯಬೇಕಾದವನು ನಾನು. ಕುರ್ಚಿಯಲ್ಲಿ ಕುಸಿದು ಕೂತು, ಒಬ್ಬಳಾದರೂ ಇರಬಾರದಿತ್ತೇ ಅಂತ ಯೋಚಿಸಿದೆ. ಥೂ ನನ್ನ ಜನ್ಮಕ್ಕೆ.

ಕರೆಂಟು ಬಂದ ಮೇಲೆ ಕಂಪ್ಯೂಟರು ತಾನೇ ಡಿಸ್ಕು ತಪಾಸಣೆ ಮಾಡಿತು. ಅತ್ತಿಗೆಯ ಫೈಲುಗಳ ಜಾಗದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಚೂರುಗಳನ್ನು ಎತ್ತಿಟ್ಟಿತು. ಹೆಸರಿಲ್ಲ, ನಂಬರು ಮಾತ್ರ. ಒಂದೊಂದು ಚೂರನ್ನು ಹೇಗೆ ಕೇಳಿಸಿಕೊಳ್ಳುವುದು ಅಂತ ಸಂದೀಪ ಮನೆಗೇ ಬಂದು ತೋರಿಸಿಕೊಟ್ಟ. ಒಂದರಲ್ಲಿ ಕೋಳಿ ಕರೆಯುವ "ಬಾ", ಒಂದರಲ್ಲಿ ಕೆಮ್ಮು, ನೂರಾರರಲ್ಲಿ ಬರೀ ಗರಗರ. ಅಣ್ಣ ಪವರ್‌ಹೌಸಿನಲ್ಲಿ ತಾಸಿಗೊಮ್ಮೆ ಮೀಟರು ನೋಡಿ ಬರೆಯುವ ಹಾಗೆ ಒಂದು ಪುಸ್ತಕ ಇಟ್ಟು, ನಂಬರು ಹಾಕಿ, ಏನು ಕೇಳಿಸಿತು ಅಂತ ಬರೆಯುತ್ತ ಹೋದ. ಮಳೆಗಾಲ ಬರುವ ಹೊತ್ತಿಗೆ ಕೊನೆಯ ಚೂರೂ ಮುಗಿಯಿತು. ಅವನ ಹೆಸರು ಯಾವುದರಲ್ಲೂ ಇರಲಿಲ್ಲ. ಪುಸ್ತಕ ಮುಚ್ಚಿ ಅಟ್ಟಕ್ಕೆ ಹಾಕಿದ. ಮತ್ತೆ ಆ ಕಂಪ್ಯೂಟರು ಹಚ್ಚಲಿಲ್ಲ.

ತಂತಿ ಬಿದ್ದ ದಿನದಿಂದ ಅಲ್ಲಿಯವರೆಗೂ ನಾನು ಅವರ ಮನೆಗೆ ಹೋಗಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ. ನನಗೆ ಬುದ್ಧಿಯೂ ಬರಲಿಲ್ಲ, ಧೈರ್ಯವೂ ಬರಲಿಲ್ಲ. ಕೇಳದೆ ತೆಗೆದಿದ್ದರೆ ಪಾಪ ನನ್ನೊಬ್ಬನದಾಗುತ್ತಿತ್ತು, ಅಣ್ಣ ಎರಡು ದಿನ ನನ್ನನ್ನು ಬೈದುಕೊಂಡು ಹಗುರಾಗುತ್ತಿದ್ದ. ಕೇಳಿದ್ದರಿಂದ, ಹೆಂಡತಿಯ ಎದುರೇ, ಅವಳ ದನಿಯನ್ನು ಅವನ ಬಾಯಿಂದಲೇ ತೆಗೆಸಿದೆ. ಜೂನ್ ತಿಂಗಳಲ್ಲಿ ಒಂದು ದಿನ ಗಟ್ಟಿ ಮನಸ್ಸು ಮಾಡಿ ಹೋದೆ. ಅಣ್ಣ "ಬಾರಾ, ಕೂರು" ಅಂದ, ಅಷ್ಟೇ. ಎಷ್ಟು ಸೊರಗಿದ್ದ! ಅತ್ತಿಗೆ ಚಹಾ ತಂದಿಟ್ಟು, ಪಾಟಿ ತೆಗೆದುಕೊಂಡು ಬರೆದಳು: "ಗದ್ದೆಯಲ್ಲಿ ಎಷ್ಟು ಜನ ಇದ್ದರು?"

ಅಣ್ಣ ತಲೆಯೆತ್ತಿ ನನ್ನನ್ನು ನೋಡಿದ. ಅವನೂ ಇಷ್ಟು ದಿನ ಇದನ್ನೇ ಕೇಳಲಾರದೆ ಇದ್ದ ಅಂತ ಆಗ ತಿಳಿಯಿತು.

"ಏಳು ಜನ," ಅಂದೆ.

ಅಣ್ಣನ ಹೆಗಲು ಇಳಿಯಿತು. "ಏಳು ಜನ," ಅಂತ ಅವನೂ ಅಂದ. ಕಣ್ಣಲ್ಲಿ ನೀರು ಬಂತು, ಪಂಚೆಯ ತುದಿಯಿಂದ ಒರೆಸಿಕೊಂಡ. ಅತ್ತಿಗೆ ಸೆರಗಿನಿಂದ ಪಾಟಿ ಒರೆಸಿದಳು. ಮತ್ತೆ ಬರೆದು ನನ್ನ ಕಡೆ ತಿರುಗಿಸಿದಳು: "ಅವರಲ್ಲಿ ಒಬ್ಬಳನ್ನು ಕರೆದುಕೊಂಡು ಬಾ. ಇಲ್ಲಿ ಕೂತು ಮಾತಾಡಲಿ. ನಾವು ಕೇಳುತ್ತೇವೆ."

ಅದಾಗಿ ಮೂರು ವರ್ಷವಾಯಿತು. ನಾನು ಹೋದಾಗಲೆಲ್ಲ ಅತ್ತಿಗೆ ಬಾಗಿಲಲ್ಲಿ ನಿಂತು ನನ್ನ ಬೆನ್ನ ಹಿಂದೆ ಇಣುಕುತ್ತಾಳೆ, ಜೊತೆಗೆ ಯಾರಾದರೂ ಬಂದಿದ್ದಾರೋ ಅಂತ. ಅಣ್ಣ ಒಳಗಿಂದ ಇನ್ನೊಂದು ಕುರ್ಚಿ ತಂದು ಹಾಕುತ್ತಾನೆ. "ಈಗ ಶೇಂಗಾ ಕೀಳೂ ಕೆಲ್ಸ ಅತ್ಗೆ, ಅವ್ರಿಗೆ ಪುರಸೊತ್ತಿಲ್ಲ," ಅನ್ನುತ್ತೇನೆ. "ಮುಂದಿನ ವಾರ ಖಂಡಿತ ಕರ್ಕಂಡು ಬತ್ತೆ."